ಕಾಲೇಜಿನ ತಿಪ್ಪೆ ನೋಡಲು ಹೋದದ್ದು

ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಗಂಡಿನ ಮನೆಯ ತಿಪ್ಪೆ ನೋಡುತ್ತಿದ್ದರು. ಗಂಡನ್ನು ಆಮೇಲೆ ನೋಡಿದರೂ ನಡೆಯುತ್ತಿತ್ತು, ನೋಡದಿದ್ದರೂ ನಡೆಯುತ್ತಿತ್ತು. ತಿಪ್ಪೆ ದೊಡ್ಡದಿದ್ದರೆ ಕೊಟ್ಟಿಗೆಯಲ್ಲಿ ದನ ಇದೆ, ದನ ಇದ್ದರೆ ಹೊಲ ಇದೆ, ಹೊಲ ಇದ್ದರೆ ರಾಗಿ ಇದೆ, ಹೋದ ಹುಡುಗಿ ಹಸಿದುಕೊಂಡು ಮಲಗುವುದಿಲ್ಲ. ಇಷ್ಟೇ ಲೆಕ್ಕ. ಹೆಗಲ ಮೇಲಿನ ಶಲ್ಯ, ಕಿವಿಯ ಒಂಟಿ, ಒಳ್ಳೆಯ ಮಾತು ಇವನ್ನೆಲ್ಲ ಎರವಲು ತಂದು ತೋರಿಸಬಹುದು. ತಿಪ್ಪೆಯನ್ನು ಯಾರು ಎರವಲು ಕೊಡುತ್ತಾರೆ?

ನನ್ನನ್ನು ಕೊಟ್ಟದ್ದೂ ಹಾಗೆಯೇ. ನನ್ನಪ್ಪ ಕಟ್ಟೆಮಳಲವಾಡಿಗೆ ಬಂದು, ಸೀದಾ ಹಿತ್ತಲಿಗೆ ಹೋಗಿ, ತಿಪ್ಪೆಗೆ ಒಂದು ಸುತ್ತು ಹಾಕಿ, ಉಂಡು, ವಾಪಸು ಬಂದು, "ಒಳ್ಳೇ ಮನೆ ಕಣೆ" ಅಂದ.

"ಗಂಡು ಹೆಂಗವನೆ?" ಅಂದಳು ಅವ್ವ.

"ಅವ್ನೂ ಅಲ್ಲೇ ಎಲ್ಲೋ ಇದ್ದ" ಅಂದ.

ತಿಪ್ಪೆಯ ವಿಚಾರದಲ್ಲಿ ಅಪ್ಪ ಒಂದು ಸುಳ್ಳೂ ಹೇಳಿರಲಿಲ್ಲ. ಗಂಡನ ವಿಚಾರದಲ್ಲಿ ಅವನಿಗೆ ಗೊತ್ತಿದ್ದದ್ದೇ ಅಷ್ಟು. ಆ ಮನುಷ್ಯ ಐವತ್ತು ವರ್ಷ ನನ್ನ ಜೊತೆ ಬಾಳಿದ, ಆಡಿದ ಮಾತನ್ನೆಲ್ಲ ಒಂದು ಮೊರದಲ್ಲಿ ತುಂಬಬಹುದು. ಹೋಗಲಿ, ಬರೆಯಬೇಕಾದ್ದು ಅವನ ವಿಚಾರ ಅಲ್ಲ, ಅವನ ತಂಗಿಯದು.

ನಾನು ಆ ಮನೆಗೆ ಹೋಗುವ ಹೊತ್ತಿಗೆ ಅತ್ತೆ ತೀರಿಕೊಂಡಿದ್ದರು. ನಾದಿನಿ ಇನ್ನೂ ಲಂಗದ ಹುಡುಗಿ. ತಲೆ ಬಾಚಿ, ಹೇನು ಹೆಕ್ಕಿ, ಬೆನ್ನಿಗೆ ನಾಲ್ಕು ಕೊಟ್ಟು ಬೆಳೆಸಿದವಳು ನಾನೇ. ನನಗಾಗ ಅಕ್ಷರ ಬರುತ್ತಿರಲಿಲ್ಲ. ಅವಳಿಗೆ ಊರಿನ ಸ್ಕೂಲಿನಲ್ಲಿ ಇದ್ದಷ್ಟು ಕ್ಲಾಸೂ ಆಗಿತ್ತು. ಮೇಷ್ಟರ ಮನೆಗೆ ಮೈಸೂರಿನಿಂದ ಪೇಪರು ಬರುತ್ತಿತ್ತು. ಅವರು ಓದಿ, ಅವರ ಹೆಂಡತಿ ಅದರ ಮೇಲೆ ಸಂಡಿಗೆ ಒಣಗಿಸಿ, ಆಮೇಲೆ ನಮ್ಮ ನಾದಿನಿಯ ಕೈಗೆ. ಸಂಡಿಗೆ ಅಂಟಿಕೊಂಡ ಕಡೆ ಅಕ್ಷರ ಹೋಗಿರುತ್ತಿತ್ತು. ಅಲ್ಲೆಲ್ಲ ಇವಳೇ ಊಹೆ ಮಾಡಿಕೊಂಡು ಓದುತ್ತಿದ್ದಳು. ಹಾಗೆ ನಮ್ಮ ಮನೆಯಲ್ಲಿ ಎಷ್ಟೋ ರಾಜರು ಸುಮ್ಮಸುಮ್ಮನೆ ಸತ್ತರು.

ಕಳೆ ಕೀಳುವಾಗ, ಅವರೆಕಾಯಿ ಬಿಡಿಸುವಾಗ ಅವಳ ಬಾಯಿ ನಿಲ್ಲುತ್ತಿರಲಿಲ್ಲ. ಕೇಳುವ ಪ್ರಶ್ನೆಗಳೋ, ಉತ್ತರ ಇಲ್ಲದವು. ಜರ್ಮನಿಯವರು ಉಣ್ಣುವುದೇನು, ಸಮುದ್ರದ ನೀರು ಯಾಕೆ ಉಪ್ಪು, ಮಹಾರಾಜರಿಗೆ ನೆಗಡಿ ಬಂದರೆ ಮೂಗು ಒರೆಸುವವರು ಯಾರು.

ಇಂಥವಳಿಗೆ ಒಂದು ಗಂಡು ಬಂತು. ಸಾಲಿಗ್ರಾಮದಲ್ಲಿದ್ದ ನಮ್ಮ ಮಾವನ ಭಾವಮೈದ ತಂದ ಸಂಬಂಧ. ಹುಡುಗ ನಮ್ಮ ಶಿವಾಚಾರದವನೇ, ಅಪ್ಪ ಅಮ್ಮ ಚಿಕ್ಕಂದಿನಲ್ಲೇ ಹೋಗಿ, ರಾವಂದೂರಿನಿಂದಾಚೆ ಒಂದು ಮಠದಲ್ಲಿ ಬೆಳೆದವನು. ಆ ಮಠದಲ್ಲಿ ಸಂಸ್ಕೃತದ ಪಾಠಶಾಲೆ ಇತ್ತು, ಅದನ್ನು ಜನ ಕಾಲೇಜು ಅನ್ನುತ್ತಿದ್ದರು. ಅಲ್ಲಿಯೇ ಓದಿ ಮುಗಿಸಿ, ಅಲ್ಲಿಯೇ ಚಿಕ್ಕ ಪಂಡಿತ ಆಗಿದ್ದ. ಮದುವೆಯಾದರೆ ಮಠದ ಪಕ್ಕದ ಪಂಡಿತರ ಕೇರಿಯಲ್ಲಿ ಒಂದು ಮನೆ.

"ಕಾಲೇಜಲ್ಲಿ ಓದಿದ ಗಂಡು ಭಾವ" ಅಂದರು ಸಾಲಿಗ್ರಾಮದವರು. "ನಮ್ಮ ಜನದಲ್ಲಿ ಎಲ್ಲಿ ಸಿಕ್ತನೆ?"

"ಹೊಲ?" ಅಂದರು ಮಾವ.

"ಇಲ್ಲ."

"ದನ?"

"ಇಲ್ಲ."

"ಮತ್ತೆ ತಿಪ್ಪೆ?"

ತಿಪ್ಪೆ ಇಲ್ಲದ ಗಂಡನ್ನು ಹೇಗೆ ನೋಡುವುದು ಅಂತ ನಮ್ಮ ವಂಶದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎರಡು ದಿನ ಮಾವ ಎಲೆಅಡಿಕೆ ಜಗಿದು ಜಗಿದು ಒಂದು ತೀರ್ಮಾನಕ್ಕೆ ಬಂದರು. ಹುಡುಗನಿಗೆ ಮನೆ ಅಂತ ಇರುವುದು ಆ ಕಾಲೇಜೇ. ಹಾಗಿದ್ದ ಮೇಲೆ ಕಾಲೇಜನ್ನೇ ನೋಡಿ ಬರಬೇಕು. ಕಾಲೇಜು ಗಟ್ಟಿ ಇದ್ದರೆ ಗಂಡು ಗಟ್ಟಿ.

ಹೋಗುವ ಮೊದಲು ನಾಲ್ಕು ಜನರನ್ನು ವಿಚಾರಿಸುವುದು ಪದ್ಧತಿ. ಮೊದಲು ನಮ್ಮ ಮೇಷ್ಟರು.

"ಅದ್ಯಾತರ ಕಾಲೇಜು ಗೌಡ್ರೆ?" ಅಂತ ಅವರು ನಕ್ಕರು. "ಅಲ್ಲಿ ಭೂಮಿ ಇನ್ನೂ ಆದಿಶೇಷನ ತಲೆ ಮೇಲೇ ಕೂತಿದೆ. ಇಂಗ್ಲಿಷ್ ಇಲ್ಲ, ಭೂಗೋಳ ಇಲ್ಲ. ಕ್ರಾಪು ಬಿಟ್ರೆ ಹೊರಗೆ ಹಾಕ್ತಾರೆ, ಕಾಫಿ ಕುಡಿದ್ರೆ ಹೊರಗೆ ಹಾಕ್ತಾರೆ. ಪೇಪರನ್ನಂತೂ ಬಾಗಿಲ ಹತ್ರಕ್ಕೂ ಸೇರಿಸೋದಿಲ್ಲ."

"ಭೂಮಿ ಯಾರ ತಲೆ ಮೇಲಾದ್ರೂ ಕೂತಿರ್ಲಿ ಮೇಷ್ಟ್ರೆ, ರಾಗಿ ಬೆಳೀತದಲ್ಲ" ಅಂದರು ಮಾವ.

ಆಮೇಲೆ ಹುಣಸೂರಿನ ಸಂತೆಗೆ ಹೋದಾಗ ಬಿದಿರು ವ್ಯಾಪಾರದ ಸಾಹೇಬರನ್ನು ಕೇಳಿದರು. ಆ ಮಠಕ್ಕೆ ಚಾವಣಿಯ ಬಿದಿರು ಹೊಡೆದವರು ಅವರೇ.

"ನಮ್ ಹುಡುಗ್ರು ಓದೋ ಮದರಸಾನೂ ಜನ ಹಂಗೇ ಬೈತಾರೆ ಗೌಡ್ರೆ, ಅದಕ್ಕೆಲ್ಲ ಕಿವಿ ಕೊಡಬೇಡಿ" ಅಂದರಂತೆ ಸಾಹೇಬರು. "ನಾನು ಬೆಳಿಗ್ಗೆ ಬಿದಿರು ಇಳಿಸೋಕೆ ಹೋದಾಗ ಏನೋ ಒಂದು ಕೂಗ್ತಾ ಇದ್ರು. ಸಾಯಂಕಾಲ ಗಾಡಿ ಕಟ್ಟೋವಾಗ ನೋಡಿದ್ರೆ ಅದನ್ನೇ ಕೂಗ್ತಾ ಇದ್ರು. ಏನು ಕೂಗಿದ್ರೋ ಖುದಾಗೆ ಗೊತ್ತು. ಮೆಹನತ್ ಮಾತ್ರ ಇದೆ, ಬೆವರು ಸುರಿಸಿ ದುಡೀತಾರೆ."

ಮಾವನಿಗೆ ಇದು ಬಹಳ ಹಿಡಿಸಿತು. ಉತ್ತದ್ದನ್ನೇ ಮತ್ತೆ ಮತ್ತೆ ಉಳುವುದಿಲ್ಲವೇ?

ನಾದಿನಿಗೆ ಮಾತ್ರ ಮೇಷ್ಟರು ಹೇಳಿದ ಪೇಪರಿನ ಮಾತೇ ತಲೆಯಲ್ಲಿ ಕೂತಿತ್ತು. ಅಂದು ಕೊಟ್ಟಿಗೆ ಬಳಿಯುವಾಗ ನನ್ನ ಹಿಂದೆಯೇ ಬಂದು ನಿಂತಳು.

"ಅತ್ಗೆ, ಆ ಕೇರೀಲಿ ಹೆಂಗಸರು ಓದಂಗಿಲ್ವಂತೆ."

"ಓದದಿದ್ರೆ ಸಾಯ್ತೀಯ?"

"ಸಾಯಲ್ಲ. ನಿನ್ನಂಗೆ ಆಯ್ತೀನಿ."

ಸಗಣಿ ಕೈಯಲ್ಲೇ ಒಂದು ಬಿಡಬೇಕು ಅನ್ನಿಸಿತು. ಆದರೆ ಅವಳ ಮುಖ ನೋಡಿದೆ. ಗೇಲಿ ಮಾಡುತ್ತಿರಲಿಲ್ಲ, ನಿಜವಾಗಿ ಹೆದರಿದ್ದಳು. ಪೇಪರು ತಪ್ಪಿದರೆ ಅವಳಿಗೆ ಆ ಪ್ರಶ್ನೆಗಳೆಲ್ಲ ಹೊಟ್ಟೆಯಲ್ಲೇ ಕೊಳೆಯುತ್ತವೆ. ನನಗೆ ಅದು ಅರ್ಥವಾಗುವ ವಿಚಾರವಲ್ಲ, ಹೆದರಿಕೆ ಮಾತ್ರ ಅರ್ಥವಾಯಿತು.

"ಏನ್ ಮಾಡ್ಬೇಕು ಈಗ?" ಅಂದೆ.

"ನೀನೂ ಹೋಗ್ತೀಯಲ್ಲ, ಆ ಗಂಡನ್ನ ಒಂದು ಮಾತು ಕೇಳ್ಕೊಂಡು ಬಾ. ಅವ್ನಿಗೆ ಗೊತ್ತಿಲ್ಲದ್ದು ಏನು ಅಂತ ಕೇಳು. ಏನೂ ಇಲ್ಲ ಅಂದ್ರೆ ಗಾಡಿ ತಿರುಗಿಸ್ಕೊಂಡು ಬನ್ನಿ."

ಒಲೆ ನೋಡಲು ಹೆಂಗಸೊಬ್ಬಳು ಹೋಗಬೇಕಾದ್ದು ಕ್ರಮ, ಹಾಗಾಗಿ ನಾನು ಹೊರಟೆ. ಮಾವ, ಸಾಲಿಗ್ರಾಮದವರು, ನಾನು. ಗಾಡಿ ಹೊಡೆದದ್ದು ನನ್ನ ಗಂಡ. ಪಿರಿಯಾಪಟ್ಟಣದಲ್ಲಿ ಬುತ್ತಿ ಬಿಚ್ಚಿ ಉಂಡು, ಮಠ ಸೇರುವಾಗ ಹೊತ್ತು ವಾಲಿತ್ತು. ಸಾಹೇಬರು ಹೇಳಿದ್ದು ನಿಜ, ಅರ್ಧ ಹರದಾರಿಯಿಂದಲೇ ಕೂಗು ಕೇಳಿಸಿತು. ನಮ್ಮ ಎತ್ತುಗಳು ಕಿವಿ ನಿಮಿರಿಸಿ ನಿಂತುಬಿಟ್ಟವು.

ದೊಡ್ಡ ಪಂಡಿತರು ಬಾಗಿಲಿಗೆ ಬಂದು ಬರಮಾಡಿಕೊಂಡರು. ಹಣೆ ತುಂಬ ವಿಭೂತಿ, ಧ್ವನಿ ನಗಾರಿಯಂಥದ್ದು. ಹುಡುಗನಿಗೆ ತಂದೆಯ ಸ್ಥಾನದಲ್ಲಿದ್ದವರು ಅವರೇ. ಕಾಲೇಜು ಪರೀಕ್ಷಿಸಲು ಬರುತ್ತಾರೆ ಅಂತ ಸಾಲಿಗ್ರಾಮದವರು ಹೇಳಿ ಕಳಿಸಿದ್ದರಿಂದ ಪೂರಾ ಸಿದ್ಧವಾಗಿ ಕೂತಿದ್ದರು. ಹಿಂದೆ ನಾಲ್ಕು ಜನ ವಿದ್ಯಾರ್ಥಿಗಳು ಸಾಲಾಗಿ ನಿಂತಿದ್ದರು, ಯಾರಾದರೂ ಕೇಳಿದರೆ ಸಾಕು ಹೇಳಿಬಿಡುತ್ತೇವೆ ಅನ್ನುವ ಹಾಗೆ.

"ನಮ್ಮಲ್ಲಿ ವ್ಯಾಕರಣವುಂಟು, ಸಾಹಿತ್ಯವುಂಟು, ತರ್ಕವಂತೂ ವಿಶೇಷ. ಏನು ಬೇಕಾದರೂ ಕೇಳಬಹುದು" ಅಂದರು ಪಂಡಿತರು.

"ಹಿತ್ತಲು ಯಾವ ಕಡೆ ಬುದ್ಧಿ?" ಅಂದರು ಮಾವ.

ಪಂಡಿತರು ಪಾಪ, ಬೇರೆ ಏನೋ ತುರ್ತು ಅಂದುಕೊಂಡು ಬೇಲಿಯ ಕಡೆ ಕೈ ತೋರಿಸಿ ಒಂದು ಚೊಂಬು ನೀರು ತರಿಸಿದರು. ಮಾವ ಚೊಂಬನ್ನು ಅಲ್ಲೇ ಬಿಟ್ಟು ಹೋದರು. ಪಂಡಿತರು ಇನ್ನೂ ಗಾಬರಿಯಾಗಿ ಹಿಂದೆಯೇ ಹೋದರು. ಅವರ ಹಿಂದೆ ನಾಲ್ಕು ವಿದ್ಯಾರ್ಥಿಗಳು, ಅವರ ಹಿಂದೆ ನಾವು.

ತಿಪ್ಪೆ ನೋಡಿದೆವು ನೋಡಿ! ಭಕ್ತರು ಬಿಟ್ಟ ದನ, ಹರಕೆಯ ಹೋರಿ, ಮಠದ್ದೇ ಎಮ್ಮೆ, ಎಲ್ಲ ಸೇರಿ ಮನೆಯೆತ್ತರದ ತಿಪ್ಪೆ. ಪಕ್ಕದಲ್ಲಿ ಹುಲ್ಲಿನ ಮೆದೆಗಳು ಸಾಲಾಗಿ. ಮಾವ ಒಂದು ಹಿಡಿ ಗೊಬ್ಬರ ತೆಗೆದು, ಪುಡಿಮಾಡಿ, ಮೂಸಿ, ನನ್ನ ಗಂಡನಿಗೂ ಕೊಟ್ಟರು. ಅವನೂ ಮೂಸಿ ತಲೆ ಆಡಿಸಿದ.

"ಮೈಸೂರಿನಲ್ಲಿ ವಿದ್ವಾಂಸರ ಸಭೆಯಲ್ಲಿ ನಮ್ಮ ವಿದ್ಯಾರ್ಥಿಗಳು ವಾದ ಮಾಡಿ ಶಾಲು ಪಡೆದಿದ್ದಾರೆ" ಅಂತ ಪಂಡಿತರು ಹೇಳುತ್ತಲೇ ಇದ್ದರು.

"ಬೇಸಿಗೇಲಿ ಎಷ್ಟು ಗಾಡಿ ಹೊಡೀತೀರಿ ಬುದ್ಧಿ?"

"ಏನನ್ನು?"

"ಇದನ್ನೇಯ."

ಪಂಡಿತರು ತಿಪ್ಪೆಯನ್ನು ಮೊದಲ ಸಲ ನೋಡುವವರಂತೆ ನೋಡಿದರು. ಇದರಲ್ಲಿ ಏನೋ ಒಡಪು ಇದೆ, ಈ ಮುದುಕ ದೊಡ್ಡ ತಾರ್ಕಿಕ ಇರಬೇಕು ಅನ್ನಿಸಿತೋ ಏನೋ, ಕಣ್ಣು ಮುಚ್ಚಿ ಒಂದು ಶ್ಲೋಕ ಹೇಳಿದರು. ಹಿಂದಿದ್ದ ನಾಲ್ವರೂ ದನಿಗೂಡಿಸಿದರು. ಮಾವ ಕೈ ಮುಗಿದುಕೊಂಡು ಕೇಳಿ, ಸಾಲಿಗ್ರಾಮದವರ ಕಿವಿಯಲ್ಲಿ, "ಎಂಥಾ ಕಾಲೇಜ್ಲಾ!" ಅಂದರು.

ನಾನು ಒಲೆ ನೋಡಲು ಹೋದೆ. ಮುದ್ದೆ ಗಂಟಿಲ್ಲದೆ ಇತ್ತು, ಹುರುಳಿ ಸಾರು ಗಟ್ಟಿ ಇತ್ತು, ಮಜ್ಜಿಗೆ ಮಾತ್ರ ನೀರು. ಅಲ್ಲಿಂದ ಪಂಡಿತರ ಕೇರಿಗೆ ಹೋದೆ. ಜಗುಲಿಯಲ್ಲಿ ಒಬ್ಬ ಮುದುಕಿ, ಯಾವುದೋ ಪಂಡಿತರ ಹೆಂಡತಿ, ಅಕ್ಕಿ ಕೇರುತ್ತಿದ್ದಳು.

"ಇಲ್ಲಿ ಹೆಂಗಸರು ಓದಬಾರ್ದು ಅಂತ ಕಟ್ಟಳೆ ಉಂಟೇನವ್ವ?" ಅಂತ ಕೇಳಿದೆ.

"ಓದಬಾರ್ದು ಅಂತ ಯಾರೂ ಹೇಳಿಲ್ಲ ಕಣವ್ವ" ಅಂದಳು, ಮೊರ ನಿಲ್ಲಿಸದೆ. "ಓದೋಕೆ ಪುರುಸೊತ್ತು ಕೊಡಬಾರ್ದು ಅಂತ ಅಷ್ಟೆ."

ಕೊನೆಗೆ ಗಂಡನ್ನು ಕರೆಸಿದರು. ಬಡಕಲು, ತಲೆ ಬೋಳು, ನೆಲ ನೋಡಿಕೊಂಡು ನಿಂತ. ಮಾವ ಅವನ ಕಡೆ ನೋಡಲೇ ಇಲ್ಲ, ಅವರ ಮನಸ್ಸು ಹಿತ್ತಲಲ್ಲೇ ಇತ್ತು. ನಾನು ಸೆರಗು ಸರಿಮಾಡಿಕೊಂಡು ನಾದಿನಿಯ ಪ್ರಶ್ನೆ ಕೇಳಿದೆ.

"ನಿನಗೆ ಗೊತ್ತಿಲ್ಲದ್ದು ಏನಪ್ಪ?"

ಅವನು ಬಾಯಿ ತೆರೆಯುವ ಮೊದಲೇ ದೊಡ್ಡ ಪಂಡಿತರು, "ನಮ್ಮ ಕಾಲೇಜಿನಲ್ಲಿ ಓದಿದವನಿಗೆ ಗೊತ್ತಿಲ್ಲದ್ದು ಅಂತ ಇರುವುದಿಲ್ಲ ತಾಯಿ" ಅಂದರು. ಹುಡುಗ ಬಾಯಿ ಮುಚ್ಚಿದ. ಗುರುಗಳ ಎದುರಿಗೆ ಇನ್ನೇನು ಮಾಡುತ್ತಾನೆ? ಸರಿ, ಮುಗಿಯಿತು, ಗಾಡಿ ತಿರುಗಿಸುವುದೇ ಅಂದುಕೊಂಡೆ.

ಮಾರನೆ ಬೆಳಿಗ್ಗೆ ಹೊರಡುವಾಗ ನನ್ನ ಗಂಡ ಮಾವನ ಜೊತೆ ಇನ್ನೊಂದು ಸಲ ತಿಪ್ಪೆ ನೋಡಲು ಹೋಗಿದ್ದ. ಎತ್ತು ಕಟ್ಟಿಕೊಡು ಅಂತ ಪಂಡಿತರು ಹುಡುಗನನ್ನು ಕಳಿಸಿದ್ದರು. ಎಡದ ಎತ್ತನ್ನು ಬಲಕ್ಕೆ ತಂದು, ನೊಗವನ್ನು ಅದರ ಮೂತಿಗೆ ಹಿಡಿದು ನಿಂತಿದ್ದ. ಎತ್ತು ಅವನ ಧೋತರದ ಚುಂಗು ಮೇಯುತ್ತಿತ್ತು.

"ಅಕ್ಕ" ಅಂದ, ನನ್ನನ್ನು ನೋಡಿ. "ನಿನ್ನೆ ಕೇಳಿದಿರಲ್ಲ. ನನಗೆ ಎತ್ತು ಕಟ್ಟೋದು ಗೊತ್ತಿಲ್ಲ."

"ಅದು ಕಾಣ್ತದೆ ಬುಡು."

"ಅಡುಗೆ ಗೊತ್ತಿಲ್ಲ. ಸಂತೇಲಿ ಚೌಕಾಸಿ ಮಾಡೋದು ಗೊತ್ತಿಲ್ಲ. ಈಜು ಗೊತ್ತಿಲ್ಲ. ಇಂಗ್ಲಿಷ್ ಗೊತ್ತಿಲ್ಲ. ಮೈಸೂರು ನೋಡಿಲ್ಲ. ರೈಲು ನೋಡಿಲ್ಲ. ಎಡತೊರೆ ಮುಳುಗಿ ಕೆ.ಆರ್. ನಗರ ಅಂತ ಹೊಸ ಊರು ಕಟ್ಟಿದಾರಂತಲ್ಲ, ಅದೂ ಹೋದ ವರ್ಷ ಗೊತ್ತಾಯ್ತು. ಹೆಂಗಸರ ಹತ್ರ ಹೇಗೆ ಮಾತಾಡಬೇಕು ಅಂತಲೂ ಗೊತ್ತಿಲ್ಲ, ಇದೇ ಮೊದಲು."

"ಸಾಕು ಸಾಕು" ಅಂದೆ. ನಿಲ್ಲಿಸದಿದ್ದರೆ ಮಧ್ಯಾಹ್ನದವರೆಗೆ ಹೇಳುತ್ತಿದ್ದ. "ನಮ್ಮ ಹುಡುಗಿ ಪೇಪರ್ ಓದ್ತಳೆ. ಬ್ಯಾಡ ಅಂತೀಯ?"

"ಪೇಪರಿನಲ್ಲಿ ಏನಿರುತ್ತೆ?"

ನನಗೇನು ಗೊತ್ತು? "ಯಾರ್‍ಯಾರೋ ಹೊಡೆದಾಡೋದು ಇರ್ತದೆ" ಅಂದೆ. ಅವನು ಅದನ್ನೇ ಯೋಚಿಸುತ್ತಾ ನಿಂತ. ಎತ್ತು ನಾನೇ ಕಟ್ಟಿದೆ.

ಊರಿಗೆ ಬಂದು ಎಲ್ಲ ಹೇಳಿದೆ. "ಇಷ್ಟೊಂದು ಗೊತ್ತಿಲ್ವಾ?" ಅಂತ ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕಣ್ಣು ಒರೆಸಿಕೊಂಡು, "ಪೇಪರಿಗೆ ಏನಂದ?" ಅಂದಳು. "ಏನೂ ಅನ್ಲಿಲ್ಲ" ಅಂದೆ. ಅಂದು ಅವಳು ಸರಿಯಾಗಿ ಉಣ್ಣಲಿಲ್ಲ.

ಮಾವ ಮಾತ್ರ ಚಾವಡಿಯಲ್ಲಿ ಕೂತು ಕಾಲೇಜನ್ನು ಹೊಗಳುತ್ತಿದ್ದರು. ಅಂಥ ಕಾಲೇಜು ಮೈಸೂರು ಸೀಮೆಯಲ್ಲೇ ಇಲ್ಲ. ಮೇಷ್ಟರು ತಡೆಯಲಾರದೆ, "ಕಾಲೇಜಿನ ಯೋಗ್ಯತೆಯನ್ನ ತಿಪ್ಪೇಲಿ ಅಳೀತಾರೇನ್ರೀ ಗೌಡ್ರೆ?" ಅಂದರು.

"ಮತ್ತೆ ನಿಮ್ಮ ಸ್ಕೂಲ್‌ನ ಯಾತರಲ್ಲಿ ಅಳೀಲಿ ಮೇಷ್ಟ್ರೆ? ಒಂದು ಮೇಕೆ ಹಿಕ್ಕೆಯೂ ಇಲ್ವಲ್ಲ ಅಲ್ಲಿ."

ವೀಳ್ಯ ಎತ್ತುವ ದಿನ ಬಂತು. ದೊಡ್ಡ ಪಂಡಿತರು ಬಂದರು. ಗಂಡಿನ ಕಡೆಯವರು ಅಂತ ಬೇರೆ ಯಾರೂ ಇಲ್ಲದ್ದರಿಂದ ಗಂಡೂ ಬಂದಿದ್ದ. ಎಲೆಅಡಿಕೆ ತಟ್ಟೆ ಕೈ ಬದಲಾಯಿಸುವ ಮೊದಲು ಎರಡು ಕಡೆಯವರೂ ಇದ್ದಬದ್ದ ಮಾತು ಆಡಿಬಿಡಬೇಕು. ತಟ್ಟೆ ಹೋದ ಮೇಲೆ ಯಾರೂ ಬಾಯಿ ತೆರೆಯುವ ಹಾಗಿಲ್ಲ. ತಟ್ಟೆ ನನ್ನ ಕೈಯಲ್ಲಿತ್ತು. ನಾದಿನಿ ನಡುಮನೆಯ ಬಾಗಿಲ ಹಿಂದೆ.

"ನಮ್ಮ ಹುಡುಗಿ ಪೇಪರ್ ಓದ್ತಳೆ ಬುದ್ಧಿ. ಅಲ್ಲಿಗೆ ಬಂದ್ರೂ ಓದ್ತಳೆ. ಅದೊಂದು ಮಾತು ಆಗ್ಬೇಕು" ಅಂದೆ ನಾನು.

ಪಂಡಿತರ ಹುಬ್ಬು ವಿಭೂತಿಯೊಳಗೆ ಹೋಯಿತು. "ಪತ್ರಿಕೆ ನಮ್ಮ ಕೇರಿಗೆ ಕಾಲಿಡುವುದಿಲ್ಲ ತಾಯಿ. ಏನಿದೆ ಅದರಲ್ಲಿ? ಯುದ್ಧ, ಸಿನಿಮಾ, ಕೂದಲಿನ ಎಣ್ಣೆಯ ಜಾಹೀರಾತು."

"ಕೂದಲೆಣ್ಣೆ ಜಾಹೀರಾತು ಇರೋದು ಇವ್ರಿಗೆ ಹೆಂಗ್ ಗೊತ್ತಾಯ್ತು ಅತ್ಗೆ?" ಅಂತ ಬಾಗಿಲ ಹಿಂದಿನಿಂದ ಕೇಳಿಸಿತು.

ಚಾವಡಿಯವರೆಗೂ ಕೇಳಿಸಿರಬೇಕು. ಸಾಲಿಗ್ರಾಮದವರು ಕೆಮ್ಮಿದರು. ಪಂಡಿತರು ಕೆಂಪಗಾದರು. ಮಾವನ ಕಣ್ಣೆದುರಿಗೆ ಆ ತಿಪ್ಪೆ ಕುಸಿಯುವುದು ಕಂಡಿತೋ ಏನೋ, "ಬಾಯ್ ಮುಚ್ಚೆ ಅಲ್ಲಿ!" ಅಂತ ಒಳಕ್ಕೆ ಕೂಗಿ, "ಬುಟ್ಬುಡ್ತಾಳೆ ಬುದ್ಧಿ, ಇವತ್ತಿಂದ್ಲೇ ಪೇಪರ್ ಬುಟ್ಲು ಅಂತ ತಿಳ್ಕಳಿ. ಕೊಡವ್ವ ತಟ್ಟೆ" ಅಂದರು.

ನಾನು ಕೊಡಲಿಲ್ಲ. ನಾದಿನಿಯ ಮೇಲಿನ ಪ್ರೀತಿಯಿಂದ ಅಂತ ಯಾರೂ ತಿಳಿಯಬಾರದು. ಓದು ಬಿಡಿಸಿ ಕಳಿಸಿದರೆ ಮೂರು ತಿಂಗಳಲ್ಲಿ ಅವಳು ನಾಲಿಗೆ ಸಮೇತ ನಮ್ಮ ಮನೆಗೇ ವಾಪಸು ಬರುತ್ತಾಳೆ ಅಂತ ನನಗೆ ಗೊತ್ತಿತ್ತು. ಮಾವ ಕೈ ಚಾಚಿದರು, ನಾನು ತಟ್ಟೆ ಹಿಂದಕ್ಕೆ ಎಳೆದುಕೊಂಡೆ. ಮಾವನಿಗೆ ನಾನು ಎದುರು ನಿಂತದ್ದು ಅದೇ ಮೊದಲು.

ಆಗ ಆ ಬಡಕಲು ಹುಡುಗ ಎದ್ದು ನಿಂತ.

"ಗುರುಗಳೆ, ಎದುರಾಳಿಯ ವಾದವನ್ನು ಮೊದಲು ಅವನಿಗಿಂತ ಚೆನ್ನಾಗಿ ತಿಳಿದುಕೊಂಡು ಹೇಳಬೇಕು, ಆಮೇಲೆ ಖಂಡಿಸಬೇಕು ಅಂತ ತಾವೇ ಪಾಠ ಮಾಡಿದಿರಿ. ತಿಳಿಯದೆ ಖಂಡಿಸಿದವನನ್ನು ಸಭೆಯಿಂದ ಎಬ್ಬಿಸಬೇಕು ಅಂದಿರಿ. ನಾನು ಪತ್ರಿಕೆಯನ್ನು ನೋಡೇ ಇಲ್ಲ. ಅದು ಬೇಡ ಅಂತ ಯಾವ ಬಾಯಲ್ಲಿ ಹೇಳಲಿ?"

ಪಂಡಿತರು ಅವನನ್ನು ದುರುಗುಟ್ಟಿಕೊಂಡು ನೋಡಿದರು. ನೋಡನೋಡುತ್ತಿದ್ದ ಹಾಗೆ ಕೋಪ ಇಳಿದು, ಮುಖ ಅರಳತೊಡಗಿತು, ತಾನೇ ಬಿತ್ತಿದ ಹೊಲ ತನ್ನ ಆಳೆತ್ತರ ಬೆಳೆದದ್ದನ್ನು ಕಂಡವರ ಹಾಗೆ. ತೊಡೆ ತಟ್ಟಿಕೊಂಡು ಸಾಲಿಗ್ರಾಮದವರ ಕಡೆ ತಿರುಗಿ, "ಕೇಳಿದಿರಾ? ಕೇಳಿದಿರಾ? ಇದು ನಮ್ಮ ಕಾಲೇಜು!" ಅಂದರು. ಸೋತದ್ದು ತಾವೇ ಅನ್ನುವುದು ಆಮೇಲೆ ನೆನಪಾಯಿತು.

"ಆಗಲಿ" ಅಂದರು ಗಂಟಲು ಸರಿಮಾಡಿಕೊಂಡು. "ಅವಳು ಓದಲಿ. ಇವನು ಕೇಳಿ ಖಂಡಿಸಲಿ. ಖಂಡಿಸುವುದಕ್ಕೋಸ್ಕರವೇ ಓದುವುದು, ಅದು ನೆನಪಿರಲಿ."

"ಖಂಡಿಸ್ಕಳ್ಲಿ, ಯಾರು ಬ್ಯಾಡ ಅಂದ್ರು" ಅಂತ ಬಾಗಿಲು ಹೇಳಿತು. ನಾನು ತಟ್ಟೆ ಕೊಟ್ಟೆ.

ಮದುವೆ ಆಯಿತು. ಮೇಷ್ಟರು ಪೇಪರುಗಳನ್ನು ಕಟ್ಟು ಕಟ್ಟಿ, ಆ ಕಡೆ ಹೋಗುವ ಸಾಹೇಬರ ಬಿದಿರಿನ ಗಾಡಿಯಲ್ಲಿ ಕಳಿಸುತ್ತಿದ್ದರು. ಸಂಡಿಗೆ ಒಣಗಿಸುವುದು ಅವರ ಹೆಂಡತಿಗೆ ತಪ್ಪಿತು, ಅದಕ್ಕೆ ಆಕೆ ನನ್ನ ಜೊತೆ ಬಹಳ ದಿನ ಮಾತು ಬಿಟ್ಟಿದ್ದಳು.

ಸುಗ್ಗಿ ಮುಗಿದ ಮೇಲೆ ನಾನೊಂದು ಸಲ ನೋಡಲು ಹೋದೆ. ಸಂಜೆ, ಜಗುಲಿಯ ಮೇಲೆ ನಾದಿನಿ ಪೇಪರು ಹರಡಿಕೊಂಡು ಕೂತಿದ್ದಳು. ಗಂಡ ಎದುರಿಗೆ. ಅವನ ತಲೆಯಲ್ಲಿ ಒಂದು ಬೆರಳು ಕೂದಲು ಬಂದಿತ್ತು. ಪಕ್ಕದ ಮನೆಯ ಜಗುಲಿಯಲ್ಲಿ ದೊಡ್ಡ ಪಂಡಿತರು ನಮ್ಮ ಕಡೆಗೆ ಬೆನ್ನು ಹಾಕಿಕೊಂಡು ಕೂತಿದ್ದರು. ಪೇಪರಿನ ಕಡೆ ಮುಖ ಮಾಡುವುದು ಅವರ ಸ್ಥಾನಕ್ಕೆ ತಕ್ಕದ್ದಲ್ಲ.

ನಾದಿನಿ ಯಾವುದೋ ದೇಶದವರು ಇನ್ಯಾವುದೋ ದೇಶದೊಳಕ್ಕೆ ನುಗ್ಗಿದ್ದನ್ನು ಓದಿದಳು. ಸುದ್ದಿ ಹಳೆಯದು, ಅಷ್ಟು ಹೊತ್ತಿಗೆ ಅವರು ನುಗ್ಗಿ, ಗೆದ್ದು, ಉಂಡು ಮಲಗಿರಬೇಕು.

"ತಪ್ಪು" ಅಂದ ಗಂಡ.

"ಏನು ತಪ್ಪು, ಹೇಳಿ?"

"ಅವರು ಕೊಟ್ಟ ಕಾರಣಕ್ಕೂ ಮಾಡಿದ ಕೆಲಸಕ್ಕೂ ಸಂಬಂಧವೇ ಇಲ್ಲ."

"ಕಾರಣ ಇನ್ನೊಂದು ಕೆಳಗೆ ಅದೆ. ಪೂರ್ತಿ ಕೇಳದೆ ಖಂಡಿಸಿದ್ರಿ. ಸಭೆಯಿಂದ ಏಳಿ."

ಅವನು ನಿಜವಾಗಿಯೂ ಎದ್ದು ಅಂಗಳಕ್ಕೆ ಇಳಿದ. ಆಗ ಪಕ್ಕದ ಜಗುಲಿಯಿಂದ, ಬೆನ್ನು ತಿರುಗಿಸದೆಯೇ, ನಗಾರಿಯಂಥ ಧ್ವನಿ ಬಂತು:

"ಕೆಳಗಿನದನ್ನು ಸ್ವಲ್ಪ ಗಟ್ಟಿಯಾಗಿ ಓದಮ್ಮ. ಹಾಗೇ ಆ ಕೂದಲಿನ ಎಣ್ಣೆಯವನು ಈ ವಾರ ಏನು ಹೇಳಿದ್ದಾನೆ ನೋಡು. ಅವನದನ್ನೂ ಖಂಡಿಸುವುದು ಬಾಕಿ ಇದೆ."

ಒಳಗೆ ಸಾರು ಸೀಯುವ ವಾಸನೆ ಬರುತ್ತಿತ್ತು. ಮೂವರಿಗೂ ಮೂಗು ಇದ್ದ ಹಾಗೆ ಕಾಣಲಿಲ್ಲ. ನಾನೇ ಎದ್ದು ಹೋಗಿ ಇಳಿಸಿದೆ.